ಖಡೇ ಬಜಾರಿನ ಕ್ಯಾಸೆಟ್ ಅಂಗಡಿಯಲ್ಲಿ ಮಾಲ್ಗುಡಿಯ ‘ತಾನಾ ನನಾ’

ಬೆಳಗಾವಿಯ ಖಡೇ ಬಜಾರಿನ ಅಡ್ಡಗಲ್ಲಿಯೊಂದರಲ್ಲಿ ಹಳೆಯ ಕ್ಯಾಸೆಟ್‌ಗಳ ಧ್ವನಿಯನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಚಿಕ್ಕ ಅಂಗಡಿಯಿದೆ. ನಾನು ಅಲ್ಲಿಗೆ ಒಯ್ದದ್ದು ಒಂದೇ ಕ್ಯಾಸೆಟ್. ಅಣ್ಣ ಟಿ.ವಿ.ಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆಮಂದಿಯನ್ನೆಲ್ಲ ಸುಮ್ಮನಿರಿಸಿ ಹಿಡಿದಿಟ್ಟಿದ್ದ ‘ಮಾಲ್ಗುಡಿ ಡೇಸ್’ ಶೀರ್ಷಿಕೆ ಸಂಗೀತ ಅದರಲ್ಲಿತ್ತು. ಸಂಗೀತ ಮುಗಿದ ಮೇಲೂ ಗುಂಡಿ ಒತ್ತಲು ಮರೆತ ಅವನು ಅದೇ ಧಾಟಿಯನ್ನು ಗುನುಗಿದ್ದಾನೆ. ಮೊಬೈಲಿನಲ್ಲಿ ಆ ಗುನುಗು ಸಿಗುವುದಿಲ್ಲ.

ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ನಿರ್ದೇಶಿಸಿದ ಈ ಧಾರಾವಾಹಿಗೆ ಸಂಗೀತ ನೀಡಿದವರು ಎಲ್. ವೈದ್ಯನಾಥನ್. ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ತೆರೆಯ ಮೇಲೆ ಸರಿಯುವಾಗ ಕೇಳುವ ಆ ಧಾಟಿಯಲ್ಲಿ ಸಾಹಿತ್ಯವೇ ಇಲ್ಲ, ಬರೀ ‘ತಾನಾ ನನಾ’. 1980ರ ದಶಕದಲ್ಲಿ ಹಿಂದಿಯಲ್ಲಿ ಪ್ರಸಾರವಾದ, ಆಗುಂಬೆಯಲ್ಲಿ ಚಿತ್ರಿತವಾದ ಧಾರಾವಾಹಿಯೊಂದನ್ನು ಕನ್ನಡದ ಮನೆಗಳು ತಮ್ಮದೆಂದೇ ಅಪ್ಪಿಕೊಂಡದ್ದಕ್ಕೆ ಈ ಮಾತಿಲ್ಲದ ಹಾಡೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ಅರ್ಥ ಹುಡುಕಬೇಕಾದ ಪದವಿಲ್ಲದ್ದರಿಂದ ಮಗುವೂ ಅದನ್ನು ಮೊದಲ ದಿನವೇ ಹಾಡಬಲ್ಲದು. ಮರಾಠಿ ಮನೆಮಾತಿನ ಅಂಗಡಿಯವರು ಕ್ಯಾಸೆಟ್ ಮೇಲಿನ ಚೀಟಿ ಓದಿದೊಡನೆ ತಾವಾಗಿಯೇ ಅದನ್ನು ಗುನುಗಿದರು.

ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಎಂದರೆ ಧ್ವನಿಯನ್ನು ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಉದುರಿಹೋಗಿತ್ತು. ಅವರು ಸ್ಕ್ರೂ ಬಿಚ್ಚಿ, ಚಿಮಟದಿಂದ ಎರಡೂ ಸುರುಳಿಗಳನ್ನು ಎತ್ತಿ, ಬೇರೊಂದು ಕವಚದೊಳಗೆ ಕೂರಿಸಿದರು. ಆ ಹದಿನೈದು ನಿಮಿಷ ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿದ ಮೇಲೆಯೇ ಟೇಪು ಓಡಿಸಿದ ಅವರ ಶ್ರದ್ಧೆ ದೊಡ್ಡದು.

ಮೊದಲ ಪ್ರತಿ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಟೇಪಿನ ‘ಸುಯ್’ ಸದ್ದನ್ನು ಕಂಪ್ಯೂಟರಿನಲ್ಲಿ ತೆಗೆಯುವ ಭರದಲ್ಲಿ ಹಾಡುವ ದನಿಯ ಹೊಳಪೂ ಅಳಿಸಿಹೋಗಿ, ಅಣ್ಣನ ಗುನುಗು ನೀರಿನೊಳಗಿಂದ ಬಂದಂತೆ ಕೇಳಿಸುತ್ತಿತ್ತು. ಹೇಳಿದೊಡನೆ, ಹೆಚ್ಚಿನ ಹಣ ಕೇಳದೆ, ಸದ್ದು ಇದ್ದಂತೆಯೇ ಇರುವ ಇನ್ನೊಂದು ಪ್ರತಿ ಮಾಡಿಕೊಟ್ಟರು. ಆದ್ದರಿಂದ ಕ್ಯಾಸೆಟ್ ಕೊಡುವಾಗಲೇ ಸದ್ದು ತೆಗೆಯಬಾರದೆಂದು ಹೇಳಿಬಿಡಿ. ಅವರು ಹೇಳಿದ್ದ ದಿನಕ್ಕಿಂತ ಎರಡು ದಿನ ತಡವಾಯಿತು, ರಸೀದಿ ಕೊಡಲಿಲ್ಲ. ತೆತ್ತ 250 ರೂಪಾಯಿ ಹೆಚ್ಚೆನಿಸಲಿಲ್ಲ.

ನಮ್ಮೂರಿನ ಮಳೆಗಾಲದ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಬೇಗ ಹಿಡಿಯುತ್ತದೆ. ಮನೆಯಲ್ಲಿ ಇಂಥ ಕ್ಯಾಸೆಟ್ ಇದ್ದವರು ಮೃಗಶಿರಾ ಮಳೆ ಹಿಡಿಯುವ ಮುನ್ನವೇ ಒಯ್ಯುವುದು ಒಳ್ಳೆಯದು.