'ರೋಡ್ ಲೀಗಲ್' ಕಾರ್ಡ್ ಕೊಟ್ಟು ಸೈಲೆನ್ಸರ್ ಮಾರ್ತಾರೆ, ದಯವಿಟ್ಟು ನಂಬಬೇಡಿ

ಮೈಸೂರಲ್ಲಿ ಕಾರಿಗೆ ಎಕ್ಸಾಸ್ಟ್, ಅಂದ್ರೆ ಸದ್ದು ಜಾಸ್ತಿ ಮಾಡೋ ಸೈಲೆನ್ಸರ್ ಪೈಪು, ಹಾಕಿಸ್ಬೇಕು ಅಂತಿರೋರು ಇದನ್ನ ಪೂರ್ತಿ ಓದಿ. ನಾನು ಮಂಡ್ಯದವನು. ಎರಡು ತಿಂಗಳಿಂದ ಇದನ್ನ ಬರೀಬೇಕು ಅಂತ ಕೂರೋದು, ನಾಚಿಕೆ ಆಗಿ ಎದ್ದು ಹೋಗೋದು, ಹಿಂಗೇ ಆಗಿತ್ತು. ನಿನ್ನೆ ರಾತ್ರಿ ಅದೇ ಅಂಗಡಿಯವನ ಹೊಸ ವಿಡಿಯೋ ನೋಡ್ದೆ. ಬಿಳಿ ಕಾರು, ಅದೇ ಪೈಪು, ಅದೇ ಸದ್ದು. ಕೆಳಗೆ ಯಾರೋ ಹುಡುಗ "ಪೊಲೀಸ್ನೋರು ಹಿಡಿಯಲ್ವಾ ಅಣ್ಣ?" ಅಂತ ಕೇಳಿದಾನೆ. "ರೋಡ್ ಲೀಗಲ್ ಪೀಸು, ಕಾರ್ಡ್ ಬರ್ತದೆ" ಅಂತ ಉತ್ತರ ಕೊಟ್ಟವ್ನೆ. ನನಗೆ ಹೇಳಿದ್ದೂ ಇದೇ. ಒಂದಕ್ಷರ ಆಚೀಚೆ ಇಲ್ಲ. ಇನ್ನು ಸುಮ್ನಿರೋಕೆ ಆಗಲ್ಲ.

ನಮ್ಮದು 2017ರ ಪೆಟ್ರೋಲ್ ಸ್ವಿಫ್ಟು. ಆರ್‌ಸಿ ಅಪ್ಪನ ಹೆಸರಲ್ಲಿದೆ. ಓಡಿಸೋದು ನಾನು. ಆರ್‌ಸಿ ವಿಷಯ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ದಸರಾ ಮುಗಿದ ಮಾರನೇ ವಾರ ರಿಂಗ್ ರೋಡ್ ಕಡೆ ಇರೋ ಆ ಅಂಗಡಿಗೆ ಹೋದೆ. ನಾನು ಬಾಯಿ ಬಿಟ್ಟು ಕೇಳಿದ ಮೊದಲನೇ ಮಾತೇ "ಇದು ಲೀಗಲ್ಲಾ?" ಅಂತ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ಆಮೇಲೆ ಅವನು "ನೀವು ಕೇಳೇ ಇಲ್ವಲ್ಲಣ್ಣ" ಅಂದ. ಕೇಳಿದ್ದೆ. ಅಂಗಡಿಯಲ್ಲೂ ಕೇಳಿದ್ದೆ, ಹಿಂದಿನ ದಿನ ವಾಟ್ಸಾಪಲ್ಲೂ ಕೇಳಿದ್ದೆ. ವಾಟ್ಸಾಪಿಂದು ಇವತ್ತಿಗೂ ನನ್ನ ಫೋನಲ್ಲಿದೆ.

"ಯಾಕ್ ತಲೆ ಕೆಡಿಸ್ಕತೀರಣ್ಣ, ಇದು ಲೋಕಲ್ ಮಾಲಲ್ಲ, ಇಂಪೋರ್ಟೆಡ್ಡು. 95 ಡೆಸಿಬಲ್ ಒಳಗೈತೆ, ಟೆಸ್ಟ್ ಆಗಿರೋದು. ಕಾರ್ಡ್ ಕೊಡ್ತೀನಿ, ಕಾರಲ್ಲಿಟ್ಕಳಿ, ಯಾರು ಹಿಡಿದ್ರೂ ತೋರ್ಸಿ." ಎಮಿಷನ್ ಟೆಸ್ಟ್ ಏನಾಗುತ್ತೆ ಅಂದೆ. "ಅದೂ ಪಾಸೇ. ಅದು ಪಾಸಾದ್ಮೇಲೆ ಇನ್ನೇನು?" ಎಮಿಷನ್ ಟೆಸ್ಟಲ್ಲಿ ನೋಡೋದು ಹೊಗೆಯನ್ನ. ಸದ್ದನ್ನ ಅಲ್ಲಿ ಯಾರೂ ಅಳೆಯೋದೇ ಇಲ್ಲ. ಆ ಸರ್ಟಿಫಿಕೇಟಿಗೂ ಸೈಲೆನ್ಸರ್ ಸರಿ ಇದೆ ಅನ್ನೋದಕ್ಕೂ ಸಂಬಂಧವೇ ಇಲ್ಲ. ಇದು ನನಗೆ ಆಮೇಲೆ ಗೊತ್ತಾಗಿದ್ದು.

ಕಾರ್ಡ್ ತೋರಿಸ್ದ. ಎಟಿಎಂ ಕಾರ್ಡಿನ ಅಳತೆ, ಕಪ್ಪು ಬಣ್ಣ, ಚಿನ್ನದ ಬಣ್ಣದ ಅಕ್ಷರ, ಮೂಲೇಲಿ ಹೊಳೆಯೋ ಒಂದು ಸ್ಟಿಕರ್ರು, ಸೀರಿಯಲ್ ನಂಬರ್ ಬೇರೆ. ಜೊತೆಗೆ ಒಂದು ರಿಮೋಟು. "ಟ್ರಾಫಿಕ್ನೋರು ಕಂಡ್ರೆ ಒಂದ್ ಸಲ ಒತ್ತಿ, ಒಳಗಿನ ವಾಲ್ವ್ ಮುಚ್ಕಳ್ತದೆ, ಕಂಪನಿ ಸೌಂಡೇ ಬರ್ತದೆ" ಅಂದ. ಕಾನೂನಿಗೆ ಸರಿಯಾಗಿರೋ ಸಾಮಾನಾದ್ರೆ ಪೊಲೀಸರನ್ನ ಕಂಡಾಗ ಮುಚ್ಚೋಕೆ ಬಟನ್ ಯಾಕಪ್ಪ ಬೇಕು? ಒಂದೇ ಉಸಿರಲ್ಲಿ ಲೀಗಲ್ ಅಂತಾನೂ ಹೇಳ್ದ, ಬಚ್ಚಿಡೋ ದಾರಿನೂ ಹೇಳ್ಕೊಟ್ಟ. ಆ ಹೊತ್ತಲ್ಲಿ ನನಗೆ ಇದು ಹೊಳೀಲಿಲ್ಲ. ಈಗ ದಿನಾ ಹೊಳೆಯುತ್ತೆ.

42,000 ರೂಪಾಯಿ. 20,000 ಫೋನ್‌ಪೇ ಮಾಡ್ದೆ, ಉಳಿದಿದ್ದು ಕ್ಯಾಶೇ ಬೇಕು ಅಂದ. ಬಿಲ್ ಕೇಳಿದ್ದಕ್ಕೆ ಬಿಳಿ ಚೀಟಿಯಲ್ಲಿ 'ಕಾರ್ ಆಕ್ಸೆಸರೀಸ್, ಫಿಟ್ಟಿಂಗ್' ಅಂತ ಬರೆದುಕೊಟ್ಟ. ಎಕ್ಸಾಸ್ಟ್ ಅನ್ನೋ ಪದ ಇಲ್ಲ, ಜಿಎಸ್‌ಟಿ ನಂಬರಿಲ್ಲ.

ಕಾರನ್ನ ಮೇಲೆತ್ತಿ ಎಂಜಿನ್ ಕಡೆಯಿಂದ ಹಿಂದಿನವರೆಗೂ ಪೂರ್ತಿ ಬಿಚ್ಚಿದ್ರು. "ಹಳೇದು ಎಲ್ಲಿಟ್ಕತೀರಣ್ಣ, ಗುಜರಿ, ನಾವೇ ಎಸೀತೀವಿ ಬಿಡಿ" ಅಂದ. ಸರಿ ಅಂದೆ. ಹಿಂದಿನ ಡಬ್ಬಿಯನ್ನ ಗೋಡೆ ಪಕ್ಕ ಬಿಸಾಕಿದ್ರು. ಆದ್ರೆ ಮುಂದಿನ ತುಂಡು, ಒಂದು ಬ್ರೆಡ್ ಪೌಂಡಿನಷ್ಟು ದಪ್ಪ ಇತ್ತಲ್ಲ, ಅದನ್ನ ಮಾತ್ರ ಹುಡುಗ ಗೋಣಿಚೀಲದಲ್ಲಿ ಸುತ್ತಿ ಒಳಗಿನ ರೂಮಿಗೆ ತಗೊಂಡು ಹೋದ. ನನ್ನ ಕಣ್ಣೆದುರಿಗೇ. ಅದು ಕ್ಯಾಟಲಿಟಿಕ್ ಕನ್ವರ್ಟರ್. ಹೊಗೆಯ ವಿಷ ಕಮ್ಮಿ ಮಾಡೋ ಭಾಗ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ ಇರುತ್ತೆ, ಅದಕ್ಕೇ ಅದರ ಗುಜರಿಗೂ ಒಳ್ಳೆ ರೇಟು. ನಾನು ದುಡ್ಡು ಕೊಟ್ಟು, ಮೇಲೆ ಅದನ್ನೂ ಕೊಟ್ಟು ಬಂದಿದೀನಿ.

ಒಂದು ತಿಂಗಳು ಓಡಿಸ್ದೆ. ಖುಷಿಯಾಗೇ ಇದ್ದೆ, ಸುಳ್ಳು ಹೇಳಲ್ಲ. ಹೈವೇಲಿ ಒಂದೇ ಸಮ ಗುಂಯ್ ಅಂತ ತಲೆ ತುಂಬ್ಕೊಳ್ತಿತ್ತು, ಅಮ್ಮ ಕಾರು ಹತ್ತೋದೇ ಬಿಟ್ರು.

ಒಂದು ಶನಿವಾರ ಸಂಜೆ ಏಳೂವರೆ ಹೊತ್ತು. ಅಪ್ಪನ್ನ ಬಿಪಿ ಚೆಕಪ್ಪಿಗೆ ಕರ್ಕೊಂಡು ಹೋಗಿದ್ದೆ, ಆಸ್ಪತ್ರೆಯಿಂದ ಹೊರಟು ಇನ್ನೂ ನೂರು ಮೀಟರ್ ಬಂದಿಲ್ಲ, ಮುಂದೆ ಪೊಲೀಸರು ನಿಂತಿದ್ರು. ರಿಮೋಟ್ ಒತ್ತಿದೆ. ಸದ್ದು ಕಮ್ಮಿ ಆಯ್ತು. ಅಷ್ಟರಲ್ಲಿ ಕೈ ಅಡ್ಡ ಬಂದಿತ್ತು.

ನಾನು ಧೈರ್ಯವಾಗೇ ಇಳಿದೆ. ಕಾರ್ಡ್ ಇದೆಯಲ್ಲ. "ರೋಡ್ ಲೀಗಲ್ ಸಾರ್" ಅಂತ ಕೈಗೆ ಕೊಟ್ಟೆ. ಆ ಎಎಸ್ಐ ಮುಂದೆ ನೋಡಿದ್ರು, ತಿರುಗಿಸಿದ್ರು, ಮೊಬೈಲ್ ಟಾರ್ಚ್ ಹಾಕಿ ಕಣ್ಣಿನ ಹತ್ರ ಹಿಡಿದ್ರು. ಆಮೇಲೆ ನನ್ನ ಕೈಗೇ ವಾಪಸ್ ಕೊಟ್ಟು "ಓದಪ್ಪ ನೀನೇ" ಅಂದ್ರು. ಹಿಂದೆ, ಕೆಳಗಡೆ, ಸಾಸಿವೆ ಕಾಳಿನಂಥ ಅಕ್ಷರದಲ್ಲಿ: ಫಾರ್ ಆಫ್ ರೋಡ್ ಅಂಡ್ ರೇಸಿಂಗ್ ಯೂಸ್ ಓನ್ಲಿ. ಅಂದ್ರೆ ರಸ್ತೇಲಿ ಓಡಿಸೋಕಲ್ಲ, ರಸ್ತೆಯಿಂದಾಚೆಗೆ, ರೇಸಿಗೆ ಮಾತ್ರ. ಒಂದು ತಿಂಗಳು ಆ ಕಾರ್ಡು ನನ್ನ ಪರ್ಸಲ್ಲಿತ್ತು. ಒಂದು ಸಲ ತಿರುಗಿಸಿ ನೋಡಿರ್ಲಿಲ್ಲ.

"ಮೀಟರ್ ಇದ್ರೆ ಅಳೀರಿ ಸಾರ್, 95ರ ಒಳಗಿದೆ" ಅಂದೆ. "ಅಳತೆ ಆಮೇಲೆ. ಈ ಕಾರಿಗೆ ಕಂಪನಿಯೋರು ಹಾಕಿದ್ದ ಸೈಲೆನ್ಸರ್ ಎಲ್ಲಿ? ಅದನ್ನ ಹೇಳು." ಏನಂತ ಹೇಳ್ಲಿ? ಆರ್‌ಸಿ ನೋಡಿ "ಯಜಮಾನ್ರು ಯಾರು?" ಅಂದ್ರು. ಅಪ್ಪ ಇಳಿದು ಬಂದ್ರು. ಒಂದು ಕೈಯಲ್ಲಿ ಮಾತ್ರೆ ಕವರ್, ಅದನ್ನ ಹಿಡ್ಕೊಂಡೇ ಎರಡೂ ಕೈ ಜೋಡಿಸಿ "ನಂದೇ ಸ್ವಾಮಿ ಕಾರು" ಅಂದ್ರು. ಸೊಸೈಟಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದೋರು, ಒಂದು ದಿನ ಸ್ಟೇಷನ್ ಮೆಟ್ಟಿಲು ಹತ್ತದೋರು. ಆಟೋ ಕಾಯ್ತಾ ಮಗು ಎತ್ಕೊಂಡು ನಿಂತಿದ್ದ ಒಬ್ಬರು ಹೆಂಗಸು "ಇದೇ ಕಾರು ಸಾರ್, ಬರ್ವಾಗ್ಲೂ ಮಗ ಬೆಚ್ಚಿಬಿದ್ದು ಅತ್ತ" ಅಂದ್ರು. ಅಪ್ಪ ಅವರ ಕಡೆ ತಿರುಗಿ ಅವರಿಗೂ ಕೈ ಮುಗಿದ್ರು.

ಕೇಸ್ ಆಗಿದ್ದು ಅಪ್ಪನ ಹೆಸರಲ್ಲಿ. ಗಾಡಿ ಬದಲಾಯಿಸಿದ್ದಕ್ಕೆ ಕಾನೂನು ಹಿಡಿಯೋದು ಗಾಡಿ ಯಾರ ಹೆಸರಲ್ಲಿದೆಯೋ ಅವರನ್ನ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗೋ ಹಂಗೆ ಗಾಡಿ ಬದಲಾಯಿಸಂಗಿಲ್ಲ. ಬದಲಾಯಿಸಿದ್ರೆ 182ಎ ಸೆಕ್ಷನ್, ನಾಲ್ಕನೇ ಉಪವಿಧಿ: ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ. 52ನೇ ಸೆಕ್ಷನ್ ಪ್ರಕಾರ ಹಂಗೆ ಬದಲಾಯಿಸಂಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸದ್ದಿಗೆ ಬೇರೆ, 190ನೇ ಸೆಕ್ಷನ್, ಅದರಲ್ಲಿ 10,000 ವರೆಗೆ ದಂಡ, ಇಲ್ಲ ಮೂರು ತಿಂಗಳವರೆಗೆ ಜೈಲು, ಇಲ್ಲ ಎರಡೂ, ಲೈಸೆನ್ಸೂ ಮೂರು ತಿಂಗಳು ಹೋಗುತ್ತೆ. ಪರಿಚಯದ ಬ್ರೇಕ್ ಇನ್ಸ್‌ಪೆಕ್ಟರೊಬ್ಬರನ್ನ ಕೇಳ್ದೆ, ದುಡ್ಡು ಕಟ್ಟಿ ಆರ್‌ಸಿಯಲ್ಲಿ ಸೇರಿಸ್ಕೊಳ್ಳೋಕೆ ಆಗುತ್ತಾ ಅಂತ. "ಬಣ್ಣ ಬದಲಾಯಿಸೋಕೆ ಅರ್ಜಿ ಐತೆ, ಸಿಎನ್‌ಜಿ ಕಿಟ್ಟಿಗೆ ಐತೆ, ಸದ್ದು ಜಾಸ್ತಿ ಮಾಡೋಕೆ ಎಲ್ಲಪ್ಪ ಅರ್ಜಿ?" ಅಂದ್ರು.

ಆ 95 ಡೆಸಿಬಲ್ ಎಲ್ಲಿಂದ ಬಂತು ಅಂತಾನೂ ಹುಡುಕ್ದೆ. ಅದು ಅಮೆರಿಕದ ಕ್ಯಾಲಿಫೋರ್ನಿಯಾದ ಕಾನೂನು! ಅಲ್ಲಿ ನಿಂತಿರೋ ಕಾರಿನ ಪೈಪಿನ ಬಾಯಿಂದ ಅರ್ಧ ಮೀಟರ್ ದೂರದಲ್ಲಿ ಅಳೀತಾರೆ. ನಮ್ಮಲ್ಲಿ ಕಾರಿಗೆ 74 ಡೆಸಿಬಲ್, ಅದೂ ಕಂಪನಿಯಿಂದ ಹೊರಗೆ ಬರೋ ಮುಂಚೆ, ಓಡ್ತಿರೋ ಕಾರಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು ಅಳೆಯೋದು. ಅಳತೆನೇ ಬೇರೆ, ದೇಶನೇ ಬೇರೆ. ಕ್ಯಾಲಿಫೋರ್ನಿಯಾದ ಲೆಕ್ಕ ತೋರಿಸಿ ಮೈಸೂರಲ್ಲಿ ಮಾರ್ತಾವ್ನೆ.

ಈಗ ಅವನ ಉತ್ತರಗಳು. ಅವತ್ತು ರಾತ್ರಿ ಫೋನ್ ಮಾಡಿದ್ರೆ ಎತ್ಲಿಲ್ಲ. ಬೆಳಿಗ್ಗೆ ವಾಯ್ಸ್ ಮೆಸೇಜು: "ಅಣ್ಣ ನೀವು ಜಾಸ್ತಿ ರೇಸ್ ಮಾಡಿರ್ತೀರ." ಕಾರ್ಡಿನ ಹಿಂದಿನ ಫೋಟೋ ಕಳಿಸ್ದೆ. "ಬರೆದಿದೆಯಲ್ಲಣ್ಣ, ಓದ್ಕಬೇಕಿತ್ತು." ಈ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾರು ಹಿಡಿದ್ರೂ ತೋರ್ಸಿ ಅಂದೋನೂ ಇವನೇ, ಓದ್ಕಬೇಕಿತ್ತು ಅನ್ನೋನೂ ಇವನೇ. ಕ್ಯಾಟಲಿಟಿಕ್ ಕನ್ವರ್ಟರ್ ವಾಪಸ್ ಕೊಡು ಅಂದೆ. "ಗುಜರಿ ನೀವೇ ಬೇಡ ಅಂದ್ರಿ." ನಾಲ್ಕು ದಿನ ಬಿಟ್ಟು ಅವನೇ ಮೆಸೇಜ್ ಮಾಡ್ದ: "ಕಂಪನಿ ಸೈಲೆನ್ಸರ್ ಬೇಕಾ ಅಣ್ಣ, ಸೆಕೆಂಡ್ ಹ್ಯಾಂಡ್ ನೀಟಾಗಿರೋದು ಐತೆ, 9,000 ಆಗ್ತದೆ." ಫೋಟೋ ಕಳಿಸ್ದ.

ಆ ಡಬ್ಬಿಯ ಬಲಗಡೆ ಕೆಳಗೆ ಒಂದು ತಗ್ಗು. ಅಂಗೈಯಷ್ಟು ಅಗಲ, ತಗ್ಗಿನ ನಡುವೆ ಒಂದು ಉದ್ದ ಗೀರು. ಹೋದ ವರ್ಷ ನಮ್ಮ ಗದ್ದೆ ಹತ್ರ ರಿವರ್ಸ್ ತಗೋವಾಗ ಬದುವಿನ ಕಲ್ಲಿಗೆ ತಾಗಿ ಆಗಿದ್ದು ಅದು. ನಂದೇ ಸೈಲೆನ್ಸರ್. ಗೋಡೆ ಪಕ್ಕ ಬಿಸಾಕಿದ್ದನ್ನ ನನಗೇ 9,000ಕ್ಕೆ ಮಾರೋಕೆ ಬಂದಿದ್ದ. "ಇದು ನಂದೇ ಅಲ್ವಾ?" ಅಂತ ಕಳಿಸ್ದೆ. ನೀಲಿ ಟಿಕ್ ಬಂತು. ಐದು ನಿಮಿಷಕ್ಕೆ ಬ್ಲಾಕ್ ಮಾಡ್ದ.

ಲೆಕ್ಕ ಹೇಳ್ತೀನಿ: ಅವನಿಗೆ 42,000, ಕೋರ್ಟಲ್ಲಿ 5,000, ಆ ಪೈಪು ಪೊಲೀಸರ ಹತ್ರ. ಶೋರೂಮಲ್ಲಿ ಸೈಲೆನ್ಸರು, ಕ್ಯಾಟಲಿಟಿಕ್ ಕನ್ವರ್ಟರು, ಕೂಲಿ ಎಲ್ಲಾ ಸೇರಿ 52,000. ಒಂದು ಲಕ್ಷಕ್ಕೆ ಸಾವಿರ ಕಮ್ಮಿ. ಕೋರ್ಟಿಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಕೊಂಡು ಬಂದಿದ್ರು. ನನಗೆ ಒಂದು ಮಾತೂ ಬೈಲಿಲ್ಲ.

ಹಾಕಿಸಲೇಬೇಡಿ. ಯಾವ ಕಾರ್ಡೂ, ಯಾವ ಸರ್ಟಿಫಿಕೇಟೂ ರೋಡಲ್ಲಿ ಕೆಲಸಕ್ಕೆ ಬರಲ್ಲ. ಈಗಾಗಲೇ ಹಾಕಿಸಿದ್ರೆ ಇವತ್ತೇ ತೆಗೆಸಿ, ಕಂಪನಿ ಸಾಮಾನು ಯಾವತ್ತೂ ಅಂಗಡೀಲಿ ಬಿಟ್ಟು ಬರಬೇಡಿ, ಮುಖ್ಯವಾಗಿ ಆ ದಪ್ಪ ತುಂಡು. ಇನ್ಶೂರೆನ್ಸ್‌ನೋರಿಗೆ ಹೇಳದೆ ಗಾಡಿ ಬದಲಾಯಿಸಿದ್ರೆ ಕ್ಲೇಮ್ ಹೊತ್ತಲ್ಲಿ ತಕರಾರು ತೆಗೀತಾರೆ, ಅದೂ ತಲೇಲಿರಲಿ. ಗಾಡಿ ಅಪ್ಪಂದೋ ಅಣ್ಣಂದೋ ಹೆಸರಲ್ಲಿದ್ರಂತೂ ಕೈ ಹಚ್ಚಲೇಬೇಡಿ.

ನಾನು ಗ್ರಾಹಕರ ಆಯೋಗಕ್ಕೆ ಹೋಗ್ತಿದೀನಿ. 2019ರ ಕಾಯ್ದೆ ಪ್ರಕಾರ ಅಂಗಡಿ ಮೈಸೂರಲ್ಲಿದ್ರೂ ನಾನಿರೋ ಮಂಡ್ಯದಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗೆ ಫೀಸೂ ಇಲ್ಲ. ನನ್ನ ಹತ್ರ ಇರೋದು ಫೋನ್‌ಪೇ ರಸೀದಿ, ಆ ಬಿಳಿ ಚೀಟಿ, ಕಾರ್ಡು, ವಾಯ್ಸ್ ಮೆಸೇಜು, ನನ್ನ ಸೈಲೆನ್ಸರಿನ ಫೋಟೋ. ಚಿನ್ನದ ಅಕ್ಷರದ ಆ ಕಪ್ಪು ಕಾರ್ಡ್ ನಿಮ್ಮಲ್ಲಿ ಯಾರ ಹತ್ರ ಇದೆಯೋ, ಒಂದು ಸಲ ತಿರುಗಿಸಿ ನೋಡಿ. ಎರಡೂ ಕಡೆ ಫೋಟೋ ತೆಗೆದು ನನಗೆ ಕಳಿಸಿ, ದೂರಿನ ಜೊತೆ ಸೇರಿಸ್ತೀನಿ.