ಶಿರಸಿಯ ಹೆಂಚಿನ ಮನೆಯಲ್ಲಿ ಕೆಇಎಫ್ ಆರ್7 ಮೆಟಾ: ಮಳೆಗಾಲಗಳನ್ನು ದಾಟಿದ ಮೇಲೆ

ನೆಲದ ಮೇಲೇ ನಿಲ್ಲುವ ಟವರ್ ಸ್ಪೀಕರ್ ಅಂದರೆ ಜಾಸ್ತಿ ಬೇಸ್, ಅಂದರೆ ತಗ್ಗಿನ ಸ್ವರ, ಅಂತ ಹೆಚ್ಚಿನವರ ಲೆಕ್ಕ. ಕೆಇಎಫ್ ಕಂಪನಿಯ ಅಂಥದೇ ಜೋಡಿ ಆರ್7 ಮೆಟಾ ಕೇಳುತ್ತಾ ಕೇಳುತ್ತಾ ನನಗೆ ಗೊತ್ತಾದ ದೊಡ್ಡ ಲಾಭ ಬೇರೆಯೇ. ವಾಲ್ಯೂಮ್ ಇಳಿಸಿದರೂ ಸಂಗೀತ ಸೊರಗುವುದಿಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಸಣ್ಣಗೆ ಹಚ್ಚಿಕೊಂಡರೂ ತಂಬೂರಿ ತುಂಬಿಕೊಂಡೇ ಇರುತ್ತದೆ, ತಬಲಾದ ಡಗ್ಗಾ ಜಾರುವುದು ಕಿವಿಗೆ ಬೀಳುತ್ತದೆ. ಸದ್ದು ಕಡಿಮೆಯಾದಷ್ಟೂ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಬೇಗ ಬಿಟ್ಟುಬಿಡುತ್ತದೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಸಣ್ಣ ಸ್ಪೀಕರಿನಲ್ಲಿ ಆ ಸ್ವರಗಳು ಮೊದಲೇ ಕಡಿಮೆ. ಸದ್ದು ಇಳಿಸಿದರೆ ಉಳಿಯುವುದು ಬರೀ ಗಂಟಲು.

ನನ್ನ ಕೋಣೆ 18 ಅಡಿ ಉದ್ದ, 13 ಅಡಿ ಅಗಲ. ಹೆಂಚಿನ ಮಾಡು, ಅದರ ಕೆಳಗೆ ಹಲಗೆ ಮುಚ್ಚಿಗೆ, ರೆಡ್ ಆಕ್ಸೈಡ್ ನೆಲ. ಮೊದಲು ಇಲ್ಲಿದ್ದದ್ದು ಒಂದು ಹಳೆಯ ಬುಕ್‌ಶೆಲ್ಫ್ ಜೋಡಿ, ಅಂದರೆ ಸಣ್ಣ ಸ್ಪೀಕರ್. ಅದರ ಕೋನ್ (ಅದುರಿ ಸದ್ದು ಮಾಡುವ ಭಾಗ) ಸುತ್ತಲಿನ ಫೋಮ್ ನಮ್ಮ ಮಳೆಗಾಲಕ್ಕೆ ಸೋತಿತು. ಒಂದು ದಿನ ಬಟ್ಟೆಯಲ್ಲಿ ಒರೆಸಲು ಹೋದರೆ ಫೋಮ್ ಕಪ್ಪಗೆ ಜಿಗುಟಾಗಿ ಬೆರಳಿಗೇ ಬಂತು. ಪಾಲಿಯುರೆಥೇನ್ ಫೋಮ್ ತೇವಕ್ಕೆ, ಶೆಕೆಗೆ ಹೀಗೆ ಪುಡಿಯಾಗುವುದು ಮಾಮೂಲು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೀಕರ್ ನೋಡುವವರು ಗ್ರಿಲ್ ತೆಗೆಸಿ ಮೊದಲು ಅದನ್ನೇ ನೋಡಿ. ಕೋನ್ ಸುತ್ತಲಿನ ಆ ಅಂಚು (ಸರೌಂಡ್) ರಬ್ಬರಿನದಾದರೆ ಅರ್ಧ ಚಿಂತೆ ಕಡಿಮೆ. ಆರ್7ರಲ್ಲಿ ರಬ್ಬರ್.

ಕೇಳಿ ನೋಡಲು ಬೆಂಗಳೂರಿಗೇ ಹೋಗಬೇಕು, ನಾನೂರು ಕಿಲೋಮೀಟರ್. ಹಾಗಾಗಿ ಪಟ್ಟಿಯನ್ನು ಮನೆಯಲ್ಲೇ ಸಣ್ಣದು ಮಾಡಿಕೊಂಡು ಹೋಗಿದ್ದೆ. ಕ್ಲಿಪ್ಶ್ ಫೋರ್ಟೆ, ಫೋಕಲ್ ಆರಿಯಾ, ಕೆಇಎಫ್ ಆರ್7. ಫೋರ್ಟೆಗೆ ಹಾರ್ನ್ ಇದೆ, ಕಹಳೆಯ ಬಾಯಿಯಂಥದ್ದು. ಚೆಂಡೆಯ ಪೆಟ್ಟು ಅಂದರೆ ಅದರಲ್ಲೇ ಕೇಳಬೇಕು, ಎದುರಿಗೆ ಮೇಳವೇ ನಿಂತ ಹಾಗೆ. ಆದರೆ ಅಗಲದ ಪೆಟ್ಟಿಗೆ ಅದು. ನಮ್ಮ ಮನೆಯಲ್ಲಿ ಎರಡು ಬಾಗಿಲು, ಒಂದು ಪತ್ತಾಸು (ಮರದ ದೊಡ್ಡ ಪೆಟ್ಟಿಗೆ), ಆಯಿಯ ಕುರ್ಚಿ ಇವುಗಳ ನಡುವೆ ಅದಕ್ಕೆ ಜಾಗ ಇಲ್ಲ. ಫೋಕಲ್‌ನವರು ಕೋನಿಗೆ ಅಗಸೆ ನಾರು ಹಾಕುತ್ತಾರೆ. ಸಿತಾರಿಗೆ ಅದು ಬಹಳ ಚೆಂದ. ಹತ್ತಿರದಿಂದ ಗಂಟೆಗಟ್ಟಲೆ ಖ್ಯಾಲ್ ಕೇಳುವ ನನ್ನ ಕಿವಿಗೆ ಕೆಇಎಫ್ ಹೆಚ್ಚು ಹಿತವಾಯಿತು, ಅಷ್ಟೇ. ಇದು ರುಚಿಯ ಮಾತು.

ಕೆಇಎಫ್ 1961ರಲ್ಲಿ ರೇಮಂಡ್ ಕುಕ್ ಇಂಗ್ಲೆಂಡಿನ ಮೇಡ್‌ಸ್ಟೋನಿನಲ್ಲಿ ಶುರು ಮಾಡಿದ ಕಂಪನಿ. 1988ರಿಂದ ಅವರ ಗುರುತು ಯೂನಿ-ಕ್ಯೂ ಡ್ರೈವರ್ (ಡ್ರೈವರ್ ಅಂದರೆ ಸದ್ದು ಹೊರಡಿಸುವ ಘಟಕ). ನಡುವಿನ ಸ್ವರಗಳ ಮಿಡ್‌ರೇಂಜ್ ಕೋನಿನ ನಟ್ಟನಡುವೆಯೇ ಮೇಲಿನ ಸ್ವರಗಳ ಟ್ವೀಟರ್ ಕೂತಿರುತ್ತದೆ. ದನಿಯ ಮೇಲಿನ ಭಾಗ ಒಂದು ಕಡೆಯಿಂದ, ಕೆಳಗಿನ ಭಾಗ ಇನ್ನೊಂದು ಕಡೆಯಿಂದ ಬರುವ ತಾಪತ್ರಯ ಇಲ್ಲ. ಆರ್7ರಲ್ಲಿ ಈ ಯೂನಿ-ಕ್ಯೂಗೆ ಮೇಲೊಂದು, ಕೆಳಗೊಂದು ಆರೂವರೆ ಇಂಚಿನ ಬೇಸ್ ಡ್ರೈವರ್. 2023ರಲ್ಲಿ ಬಂದ ಈ ಮಾದರಿಯಲ್ಲಿ ಟ್ವೀಟರಿನ ಹಿಂದೆ ಒಂದು ಬಿಲ್ಲೆ ಇದೆ. ಅದರ ತುಂಬ ಸಣ್ಣ ಸಣ್ಣ ಸುತ್ತುದಾರಿಗಳು. ಹಿಂದಕ್ಕೆ ಹೋದ ಸದ್ದನ್ನು ಅಲ್ಲೇ ಹೀರಿಕೊಳ್ಳುವುದು ಅದರ ಕೆಲಸ. ಹೆಸರಿನಲ್ಲಿರುವ ಮೆಟಾ ಅದೇ. ನನಗೆ ಇದೆಲ್ಲದರ ಉಪಯೋಗ ಕಂಡದ್ದು ಬೇರೆ ಕಡೆ. ನಡುವೆ ಕೂತವನಿಗೆ ಮಾತ್ರವಲ್ಲ, ಪಕ್ಕದ ಮಂಚದ ಮೇಲೆ ಕಾಲು ಚಾಚಿದವರಿಗೂ ಹೆಚ್ಚುಕಡಿಮೆ ಅದೇ ಸಂಗೀತ ಸಿಗುತ್ತದೆ.

ಈಗ ಆಂಪ್, ಅಂದರೆ ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫೈಯರ್, ವಿಷಯ. ಇದನ್ನು ಅಂಗಡಿಯವರು ಬಿಡಿಸಿ ಹೇಳುವುದು ಕಡಿಮೆ. ಸೆನ್ಸಿಟಿವಿಟಿ, ಅಂದರೆ ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು, 88 ಡಿಬಿ (ಡೆಸಿಬೆಲ್) ಅಂತ ಬರೆದಿರುತ್ತದೆ. ಅದು 2.83 ವೋಲ್ಟಿಗೆ ಅಳೆದ ಲೆಕ್ಕ. ಸ್ಪೀಕರಿನ ವಿದ್ಯುತ್ ತಡೆ 8 ಓಮ್ ಆಗಿದ್ದರೆ ಅಷ್ಟು ವೋಲ್ಟ್ ಅಂದರೆ 1 ವ್ಯಾಟ್. ಆರ್7 ಇರುವುದು 4 ಓಮ್, ಅಲ್ಲಿ ಅದೇ ವೋಲ್ಟಿಗೆ 2 ವ್ಯಾಟ್ ಹೋಗುತ್ತದೆ. ಅಂದರೆ ಒಂದು ವ್ಯಾಟಿಗೆ ನಿಜವಾಗಿ ಸಿಗುವುದು 85. ಅದರ ಮೇಲೆ ಯಕ್ಷಗಾನ ಕೇಳುವವರ ಕಷ್ಟ ಇನ್ನೊಂದು. ಪದ ಸಣ್ಣಗೆ ಹೋಗುತ್ತಿರುವಾಗ ಚೆಂಡೆ ಬಿದ್ದರೆ ಸದ್ದು 20 ಡಿಬಿ ಏರಬಹುದು. 20 ಡಿಬಿ ಅಂದರೆ ನೂರು ಪಟ್ಟು ಪವರ್. ಪದಕ್ಕೆ 1 ವ್ಯಾಟ್ ಸಾಕಾದಲ್ಲಿ ಆ ಪೆಟ್ಟಿಗೆ 100 ವ್ಯಾಟ್ ಬೇಕು. ನನ್ನ ಹಳೆಯ ಸಣ್ಣ ಆಂಪಿನಲ್ಲಿ ಚೆಂಡೆ ಕೇಳಿದರೆ ಡಬ್ಬಿ ಬಡಿದ ಹಾಗಿತ್ತು. 4 ಓಮಿಗೆ ಧಾರಾಳವಾಗಿ ಕೊಡುವ ಇಂಟಿಗ್ರೇಟೆಡ್ ಆಂಪ್ ಬಂದ ಮೇಲೇ ಚೆಂಡೆ ಚೆಂಡೆಯಾಯಿತು. ಬಜೆಟ್ ಹಾಕುವಾಗ ಆಂಪನ್ನೂ ಸೇರಿಸಿಯೇ ಹಾಕಿ. ನನಗಂತೂ ಒಟ್ಟು ಬಿಲ್ಲು ಒಂದು ಸೀಸನ್ನಿನ ಚಾಲಿ ಅಡಿಕೆಯ ದುಡ್ಡಿನಲ್ಲಿ ಒಳ್ಳೆಯ ಪಾಲನ್ನೇ ನುಂಗಿತು. "ಇಷ್ಟು ದುಡ್ಡಿಗೆ ಜಾತ್ರೆಯ ಮೈಕ್ ಸೆಟ್ಟೇ ಬರ್ತಿತ್ತಲ ಮಾರಾಯಾ" ಅಂದರು ಪಕ್ಕದ ಮನೆಯವರು. ಬರ್ತಿತ್ತು, ಸುಳ್ಳಲ್ಲ.

ಇನ್ನು ಕೇಳುವ ವಿಷಯ. ಮಲ್ಲಿಕಾರ್ಜುನ ಮನಸೂರರ ಹಳೆಯ ಧ್ವನಿಮುದ್ರಣದಲ್ಲಿ ತಾನಿನ ನಡುವೆ ಅವರು ಉಸಿರು ಎಳೆದುಕೊಳ್ಳುವ ಜಾಗ ಗೊತ್ತಾಗುತ್ತದೆ. ಹಿಂದೆ ತಂಬೂರಿ ಎರಡು ಇವೆ ಅನ್ನುವುದೂ ಗೊತ್ತಾಗುತ್ತದೆ. ಬಡಗುತಿಟ್ಟಿನ ಯಕ್ಷಗಾನದ ಮದ್ದಲೆಯಲ್ಲಿ ಬಲಗೈ, ಎಡಗೈ ಬೇರೆ ಬೇರೆಯಾಗಿ ನಿಲ್ಲುತ್ತವೆ. ಭಾಗವತರ ತಾಳ ಮಿಂಚಿ ಕೂಡಲೇ ಆರುತ್ತದೆ, ಕಿವಿ ಚುಚ್ಚುವುದಿಲ್ಲ. ಆದರೆ ಪವಾಡ ಬೇಡಿ. ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಪದಗಳನ್ನು ಕ್ಯಾಸೆಟ್ಟಿನಿಂದ ಇಳಿಸಿದ ಫೈಲುಗಳು ನನ್ನ ಹತ್ತಿರ ಇವೆ. ಅವರು 1990ರಲ್ಲೇ ಹೋದರು, ಆ ಕಾಲದ ರೆಕಾರ್ಡಿಂಗಿನಲ್ಲಿ ಇರುವುದೇ ಇಷ್ಟು. ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ! ಕಂಠವೂ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ ಅನ್ನಿ.

ಸ್ಪೀಕರ್ ಎಲ್ಲಿಡಬೇಕು ಅನ್ನುವುದಕ್ಕೆ ತಾಳ್ಮೆ ಬೇಕು. ಸದ್ದಿನ ವೇಗವನ್ನು ಕೋಣೆಯ ಉದ್ದದ ಎರಡರಷ್ಟರಿಂದ ಭಾಗಿಸಿದರೆ ಕೋಣೆ ಯಾವ ಸ್ವರಕ್ಕೆ ಗುಂಯ್‌ಗುಡುತ್ತದೆ ಅಂತ ಸಿಗುತ್ತದೆ. ನನ್ನ 18 ಅಡಿಗೆ ಸುಮಾರು 31 ಹರ್ಟ್ಸ್, 13 ಅಡಿಗೆ 43. ಗೋಡೆಗೆ ಬೆನ್ನು ಹಚ್ಚಿ ಕೂತರೆ ಈ ಗುಂಯ್ ಅತಿ ಹೆಚ್ಚು. ಕುರ್ಚಿಯನ್ನು ಎರಡು ಮೊಳ ಮುಂದೆ ಎಳೆದದ್ದರಿಂದ ಆದ ಉಪಕಾರ ಯಾವ ದುಬಾರಿ ಕೇಬಲ್ಲಿನಿಂದಲೂ ಆಗಲಿಲ್ಲ. ಹಳೆಯ ಮನೆಗಳಿಗೆ ಒಂದು ಅನುಕೂಲವೂ ಇದೆ. ಹಲಗೆ ಮುಚ್ಚಿಗೆ, ಹೆಂಚು ಸ್ವಲ್ಪ ಬೇಸನ್ನು ಹೊರಗೆ ಬಿಟ್ಟುಬಿಡುತ್ತವೆ. ಕಾರವಾರದಲ್ಲಿ ನಮ್ಮ ಭಾವನದ್ದು ಆರ್‌ಸಿಸಿ ಮನೆ. ಅಲ್ಲಿ ಟವರ್ ಸ್ಪೀಕರ್ ಹಚ್ಚಿದರೆ ಡಗ್ಗಾ ಒಂದು ಸಲ ನುಡಿದದ್ದು ಮುಗಿಯುವುದೇ ಇಲ್ಲ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಬಂದ ಮೇಲೆ ಪರವಾಗಿಲ್ಲ ಅನ್ನುವಷ್ಟಾಯಿತು. ಹಾಂ, ರೆಡ್ ಆಕ್ಸೈಡ್ ನೆಲ ಇದ್ದವರು ಸ್ಪೀಕರಿನ ಅಡಿಯ ಚೂಪು ಕಾಲುಗಳ (ಸ್ಪೈಕ್) ಕೆಳಗೆ ನಾಣ್ಯವನ್ನಾದರೂ ಇಡಿ. ಗೀರು ಬಿದ್ದರೆ ಆ ಬಣ್ಣ ಮತ್ತೆ ಕೂಡುವುದಿಲ್ಲ.

ನಮ್ಮ ಕಡೆಯವರಿಗೆ ಮಾತ್ರ ಬೇಕಾದ ಸಂಗತಿ ಕೆಲವು. ಸ್ಪೀಕರಿನ ಹಿಂದೆ ಗಾಳಿ ಓಡಾಡುವ ಪೋರ್ಟ್ ಇರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಅದಕ್ಕಿಂತ ಒಳ್ಳೆಯ ಸೈಟು ಬೇರೆ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಸ್ಪೀಕರಿನ ಪೋರ್ಟಿನ ಬಾಯಲ್ಲೇ ಹಸಿ ಮಣ್ಣಿನ ಗೋಡೆ ಎದ್ದಿತ್ತು, ಒಳಗೆ ಹಸಿರು ಹುಳವೊಂದನ್ನು ತಂದು ಸೇರಿಸಿಯೂ ಆಗಿತ್ತು. ಪೆಟ್ಟಿಗೆಯ ಜೊತೆ ಫೋಮಿನ ಬಿರಡೆ ಕೊಟ್ಟಿರುತ್ತಾರೆ. ಬೇಸ್ ಜಾಸ್ತಿಯಾದರೆ ಪೋರ್ಟ್ ಮುಚ್ಚಲು ಅದು. ನಾನು ಕೇಳದ ಹೊತ್ತಿನಲ್ಲೆಲ್ಲ ಹಾಕಿಯೇ ಇಡುತ್ತೇನೆ. ಜುಲೈನಲ್ಲಿ ಗೋಡೆ ಕಡೆಯ ಮೈಗೆ ಬಿಳಿ ಬೂಷ್ಟು ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ದಿನಾ ಒಂದಷ್ಟು ಹೊತ್ತು ಹಾಡಿಸಿದರೆ ಇಡೀ ವ್ಯವಸ್ಥೆ ಬೆಚ್ಚಗಿರುತ್ತದೆ. ಹೆಂಚಿನ ಮೇಲೆ ಮಳೆ ಹೊಡೆಯುವಾಗ ಕೇಳಿಸುವುದಿಲ್ಲ, ಅದು ಬೇರೆ ಮಾತು. ಕಾರವಾರದಂಥ ಉಪ್ಪು ಗಾಳಿಯಲ್ಲಿ ತಾಮ್ರದ ತಂತಿಯ ತುದಿಗೆ ಹಸಿರು ಕಿಲುಬು ಹತ್ತುತ್ತದೆ. ಭಾವ ವರ್ಷಕ್ಕೊಮ್ಮೆ ತುದಿ ಕತ್ತರಿಸಿ ಹೊಸದಾಗಿ ಬಿಚ್ಚಿ ಹಾಕುತ್ತಾನೆ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಪ್ಲಗ್ ಕೀಳುವುದೊಂದೇ ದಾರಿ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಆಂಪಿನ ಟ್ರಾನ್ಸ್‌ಫಾರ್ಮರ್ ಗುರ್ ಅನ್ನುತ್ತದೆ, ಸೈನ್ ವೇವ್ ಇನ್ವರ್ಟರ್ ಬೇಕು.

ಸಾಗಣೆಯಲ್ಲಿ ಒಂದು ಪೆಟ್ಟಿಗೆಯ ಮೂಲೆ ಜಜ್ಜಿ ಬಂತು. ಪುಣ್ಯಕ್ಕೆ ಒಳಗೆ ಏನೂ ಆಗಿರಲಿಲ್ಲ, ಆದರೆ ಲಾರಿಯವರೂ ಅಂಗಡಿಯವರೂ ಒಬ್ಬರ ಮೇಲೊಬ್ಬರು ಹಾಕಿದರು. ಒಂದೊಂದು ಸ್ಪೀಕರ್ ಸುಮಾರು 30 ಕಿಲೋ. ವಿಮೆ ಮಾಡಿಸಿಯೇ ಕಳಿಸಲು ಹೇಳಿ, ಬಿಚ್ಚುವ ಮೊದಲು ಫೋಟೋ ತೆಗೆಯಿರಿ.

ಯಾರು ತಗೊಳ್ಳಬೇಕು? ಕೋಣೆ 12 ಅಡಿ, 10 ಅಡಿಯದಾದರೆ ಆರ್7 ಬೇಡ. ಇದೇ ಸಾಲಿನ ಬುಕ್‌ಶೆಲ್ಫ್ ಆರ್3 ಮೆಟಾದಲ್ಲೂ ಯೂನಿ-ಕ್ಯೂ, ಆ ಬಿಲ್ಲೆ ಎರಡೂ ಇವೆ, ಬೇಸ್ ಡ್ರೈವರ್ ಮಾತ್ರ ಒಂದೇ. ದುಡ್ಡೂ ಸಾಕಷ್ಟು ಉಳಿಯುತ್ತದೆ, ಅದನ್ನು ಆಂಪಿಗೆ ಹಾಕಿ. ದೊಡ್ಡ ಜಗಲಿಯೋ ಹಾಲೋ ಇದ್ದು, ಸಣ್ಣಗೆ ಹಚ್ಚಿ ಬಹಳ ಹೊತ್ತು ಕೇಳುವವರಾದರೆ ಆರ್7 ಸರಿ. ಬೆಂಗಳೂರಿಗೆ ಹೋಗುವಾಗ ನಿಮ್ಮದೇ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅಂಗಡಿಯವರು ವಾಲ್ಯೂಮ್ ಏರಿಸಿ ತೋರಿಸುತ್ತಾರೆ. ನೀವು ಇಳಿಸಲು ಹೇಳಿ, ಪಕ್ಕದಲ್ಲಿ ಇಬ್ಬರು ಮಾತಾಡಿದರೆ ಕೇಳಿಸುವಷ್ಟು. ಆಗಲೂ ಡಗ್ಗಾ ಇದ್ದರೆ ಬೆಲೆ ಕೇಳಿ.