ಅಂಗಡಿ ಹೆಸರಲ್ಲಿ ಮೆಸೇಜ್ ಕಳಿಸಲು ಮೂರು ದಾರಿ: ಮೂರನ್ನೂ ಬಳಸಿ ನೋಡಿದ ಮೇಲೆ

ತುಮಕೂರಿನಲ್ಲಿ ನಮ್ಮದು ಮರದ ಗಾಣದ ಎಣ್ಣೆ ಅಂಗಡಿ. ಜನ ಕಡಲೆಕಾಯಿ ಬೀಜ, ಕೊಬ್ಬರಿ ತಂದುಕೊಡ್ತಾರೆ, ನಾವು ಎಣ್ಣೆ ತೆಗೆದು ಕೊಡುತ್ತೇವೆ. ಆದರೆ ಎಣ್ಣೆ ಆವತ್ತೇ ಕೈಗೆ ಸಿಗಲ್ಲ, ಮಡ್ಡಿ ಇಳಿದು ತಿಳಿಯಾಗಲು ಎರಡು ಮೂರು ದಿನ ಬೇಕು. ತಿಳಿಯಾದ ಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು. ಪುಸ್ತಕದಲ್ಲಿ ಹತ್ತಿರ 1,400 ನಂಬರ್ ಆದಾಗ ಫೋನ್ ಮಾಡೋದು ಸಾಕಾಗಿ ಮೆಸೇಜ್ ದಾರಿ ಹಿಡಿದೆ.

ಮೊದಲು ಸಿಕ್ಕಿದ್ದು ಎಲ್ಲಕ್ಕಿಂತ ಸುಲಭದ ದಾರಿ, ಎಲ್ಲಕ್ಕಿಂತ ಕೆಟ್ಟದ್ದೂ ಅದೇ. ಬಲ್ಕ್ ಮೆಸೇಜ್ ಮಾರುವವರೊಬ್ಬರು ಬಂದು "ರಿಜಿಸ್ಟ್ರೇಷನ್ ಏನೂ ಬೇಡ ಸಾರ್, ನಂಬರ್ ಲಿಸ್ಟ್ ಕೊಡಿ, ಸಂಜೆಯೊಳಗೆ ಹೋಗುತ್ತೆ" ಅಂದರು. ಹೋಯಿತು, ನಿಜ. ಆದರೆ ಹೋಗಿದ್ದು ಯಾವುದೋ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ. ಮರುದಿನ ನಮ್ಮ ಹಳೆಯ ಗಿರಾಕಿ ಅಜ್ಜಿಯೊಬ್ಬರು ಅಂಗಡಿಗೆ ಬಂದು "ನಿಮ್ಮ ಹೆಸರು ಹೇಳ್ಕೊಂಡು ಯಾರೋ ಮೋಸದ ಮೆಸೇಜ್ ಹಾಕವ್ರೆ ನೋಡಪ್ಪ" ಅಂತ ಫೋನ್ ತೋರಿಸಿದರು. ನನಗೆ ತಲೆ ತಗ್ಗಿಸುವ ಹಾಗಾಯಿತು. ನಂಬಿ ಕೊಟ್ಟ ನಂಬರನ್ನು ಗುರುತು ಪರಿಚಯ ಇಲ್ಲದವರ ಕೈಗೆ ಕೊಟ್ಟಿದ್ದೆ. ಕಾನೂನಿನಲ್ಲೂ ಇದು ತಪ್ಪು. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ವ್ಯಾಪಾರದ ಮೆಸೇಜ್ ರಿಜಿಸ್ಟರ್ ಆದ ಹೆಸರಿನಿಂದಲೇ ಹೋಗಬೇಕು. ಸಾದಾ ನಂಬರಿನಿಂದ ಬಂದರೆ ಯಾರು ಬೇಕಾದರೂ 1909ಕ್ಕೆ ದೂರು ಕೊಡಬಹುದು. 2025ರ ತಿದ್ದುಪಡಿ ಬಂದ ಮೇಲೆ ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಸಾಕು, ಆ ನಂಬರಿನ ಮೇಲೆ ಕ್ರಮ ಶುರುವಾಗುತ್ತದೆ. ಈ ದಾರಿ ಅಲ್ಲಿಗೇ ಬಿಟ್ಟೆ.

ಎರಡನೆಯದು ಡಿಎಲ್‌ಟಿಯಲ್ಲಿ, ಅಂದರೆ ವ್ಯಾಪಾರದ ಮೆಸೇಜ್ ಕಳಿಸುವವರು ರಿಜಿಸ್ಟರ್ ಆಗಬೇಕಾದ ಮೊಬೈಲ್ ಕಂಪನಿಗಳ ವ್ಯವಸ್ಥೆಯಲ್ಲಿ, ನಮ್ಮದೇ ಹೆಡರ್ (ಕಳಿಸುವವರ ಹೆಸರು) ಮಾಡಿಸೋದು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಏರ್‌ಟೆಲ್, ಜಿಯೋ, ವಿಐ, ಬಿಎಸ್‌ಎನ್‌ಎಲ್ ಎಲ್ಲರಿಗೂ ಅವರವರ ಡಿಎಲ್‌ಟಿ ಪೋರ್ಟಲ್ ಇದೆ. ಒಂದರಲ್ಲಿ ರಿಜಿಸ್ಟರ್ ಆದರೆ ಸಾಕು, ಮೆಸೇಜ್ ಎಲ್ಲ ನೆಟ್‌ವರ್ಕ್‌ಗೂ ಹೋಗುತ್ತದೆ. ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಲೆಟರ್‌ಹೆಡ್ ಮೇಲೆ ಸಹಿ ಸೀಲು ಹಾಕಿದ ಅಧಿಕಾರ ಪತ್ರ ಕೇಳಿದರು. ಶುಲ್ಕ 5,000, ಜಿಎಸ್‌ಟಿ ಸೇರಿ 5,900 ಕಟ್ಟಿದೆ. ನಾಲ್ಕು ದಿನಕ್ಕೆ 19 ಅಂಕಿಯ ಎಂಟಿಟಿ ಐಡಿ, ಅಂದರೆ ನಮ್ಮ ಅಂಗಡಿಯ ಗುರುತಿನ ಸಂಖ್ಯೆ ಬಂತು.

ಆಮೇಲೆ ಹೆಡರ್, ಅಂದರೆ ಗಿರಾಕಿಯ ಫೋನಿನಲ್ಲಿ ನಂಬರಿನ ಜಾಗದಲ್ಲಿ ಕಾಣುವ ಆರು ಇಂಗ್ಲಿಷ್ ಅಕ್ಷರ. ನಾನು ಗಾಣ ಅನ್ನೋ ಪದ ಬರುವ ಹಾಗೆ ಕೇಳಿದೆ, ಊರಲ್ಲಿ ಎಲ್ಲರೂ ನಮ್ಮನ್ನು "ಗಾಣದ ಅಂಗಡಿ" ಅಂತಲೇ ಕರೆಯೋದು. ರಿಜೆಕ್ಟ್. ಯಾಕೆಂದರೆ ಜಿಎಸ್‌ಟಿ ಸರ್ಟಿಫಿಕೇಟಿನಲ್ಲಿ ಇರೋದು ತಾತನ ಹೆಸರಿನ ಟ್ರೇಡರ್ಸ್, ಅದಕ್ಕೂ ಗಾಣಕ್ಕೂ ಸಂಬಂಧ ಕಾಣಲಿಲ್ಲ. ಕೊನೆಗೆ ತಾತನ ಹೆಸರಿನಿಂದಲೇ ಆರು ಅಕ್ಷರ ಆರಿಸಿ ಹಾಕಿದೆ, ಮರುದಿನವೇ ಒಪ್ಪಿಗೆ ಸಿಕ್ಕಿತು. ನೀವು ಹೊಸದಾಗಿ ಅಂಗಡಿ ಶುರು ಮಾಡ್ತಿದ್ದರೆ ಜನ ಕರೆಯುವ ಹೆಸರನ್ನೇ ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ಮಾಡಿಸಿಕೊಳ್ಳಿ, ಈ ಪರದಾಟ ಇರಲ್ಲ.

ಹೆಡರಿನ ಮುಂದೆ ಎರಡು ಅಕ್ಷರ ತಾನಾಗೇ ಬರುತ್ತದೆ. ಮೊದಲನೆಯದು ಮೊಬೈಲ್ ಕಂಪನಿಯದು, ಎರಡನೆಯದು ಟೆಲಿಕಾಂ ಸರ್ಕಲ್‌ನದು, ಅಂದರೆ ಪ್ರದೇಶದ್ದು, ಕರ್ನಾಟಕಕ್ಕೆ ಎಕ್ಸ್. 2025ರ ಮೇ ತಿಂಗಳಿಂದ ಹಿಂದೆಯೂ ಒಂದು ಅಕ್ಷರ ಸೇರಿದೆ. ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರದ್ದಕ್ಕೆ ಜಿ. ಗಿರಾಕಿಗಳಿಗೆ ಇದನ್ನು ಹೇಳಿಕೊಡಿ, ಮೋಸದ ಮೆಸೇಜ್ ಗುರುತಿಸೋಕೆ ಅವರಿಗೂ ಅನುಕೂಲ.

ನಂತರ ಟೆಂಪ್ಲೇಟ್. ಕಳಿಸುವ ಮಾತನ್ನು ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು, ಹೆಸರು, ಲೀಟರ್ ಬದಲಾಗುವ ಕಡೆ ಮಾತ್ರ ಜಾಗ ಬಿಡಬಹುದು. "ಎಣ್ಣೆ ಸಿದ್ಧವಾಗಿದೆ" ಅನ್ನೋ ಮೆಸೇಜಿನ ಕೊನೆಗೆ ಸುಮ್ನೆ "ಹಿಂಡಿ ಮೇಲೆ 10% ರಿಯಾಯಿತಿ" ಅಂತ ಸೇರಿಸಿದ್ದೆ, ಅಷ್ಟಕ್ಕೇ ಅದು ಸೇವೆಯ ಸಾಲಿನಿಂದ ಪ್ರಚಾರಕ್ಕೆ ಸೇರುತ್ತದೆ ಅಂತ ವಾಪಸ್ ಬಂತು. ಗೂಗಲ್ ಮ್ಯಾಪ್ ಲಿಂಕ್ ಹಾಕಬೇಕು ಅಂದರೆ ಲಿಂಕನ್ನೂ ಮೊದಲೇ ನೋಂದಾಯಿಸಬೇಕು, 2024ರ ಅಕ್ಟೋಬರ್ 1ರಿಂದ ನೋಂದಣಿಯಾಗದ ಲಿಂಕ್ ಇರುವ ಮೆಸೇಜ್ ತಡೆಯುತ್ತಾರೆ. ನಾನು ಲಿಂಕ್ ಕೈಬಿಟ್ಟೆ, ಅಂಗಡಿ ಎಲ್ಲಿದೆ ಅಂತ ನಮ್ಮ ಗಿರಾಕಿಗಳಿಗೆ ಗೊತ್ತು ಅಲ್ವಾ.

ಇಷ್ಟೆಲ್ಲ ಆದರೂ ಒಂದು ವಾರ ಒಂದು ಮೆಸೇಜೂ ಹೋಗಲಿಲ್ಲ. ನಾನು ಸೇರಿಕೊಂಡಾಗ, 2024ರ ಡಿಸೆಂಬರಿನಲ್ಲಿ, ನಮ್ಮಿಂದ ಮೆಸೇಜ್ ಕಳಿಸುವ ಕಂಪನಿಯವರೆಗಿನ ಸರಪಳಿಯನ್ನೂ ಪೋರ್ಟಲ್‌ನಲ್ಲಿ ಜೋಡಿಸಬೇಕು ಅನ್ನೋ ನಿಯಮ ಆಗ ತಾನೇ ಜಾರಿಗೆ ಬಂದಿತ್ತು. ಮೆಸೇಜ್ ಕಳಿಸಿಕೊಡ್ತೀವಿ ಅಂತ ದುಡ್ಡು ತಗೊಂಡವರು ಅದನ್ನು ಹೇಳಲೇ ಇಲ್ಲ. ದುಡ್ಡು ಕೊಡುವ ಮೊದಲೇ "ಚೈನ್ ಬೈಂಡಿಂಗ್ ಯಾರು ಮಾಡಿಕೊಡ್ತೀರಿ" ಅಂತ ಕೇಳಿ.

ಕನ್ನಡದಲ್ಲಿ ಕಳಿಸುವವರು ಇನ್ನೊಂದು ಲೆಕ್ಕ ತಿಳಿದಿರಬೇಕು. ಇಂಗ್ಲಿಷಿನಲ್ಲಿ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಅದೂ ಕಣ್ಣಿಗೆ ಕಾಣುವ ಅಕ್ಷರವಲ್ಲ. "ಎಣ್ಣೆ" ನಮಗೆ ಎರಡೇ ಅಕ್ಷರ, ಫೋನಿನ ಲೆಕ್ಕದಲ್ಲಿ ಐದು: ಎ, ಣ, ಒತ್ತಕ್ಷರ ಜೋಡಿಸುವ ಹಲಂತ ಚಿಹ್ನೆ, ಮತ್ತೊಂದು ಣ, ಎತ್ವ. "ನಿಮ್ಮ ಎಣ್ಣೆ ಸಿದ್ಧವಾಗಿದೆ. ಬಂದು ತೆಗೆದುಕೊಳ್ಳಿ." ಇಷ್ಟಕ್ಕೇ 43 ಖರ್ಚು. ಹೆಸರು, ಅಂಗಡಿ, ಲೀಟರ್ ಸೇರಿದರೆ ಎರಡು ಮೆಸೇಜಿನ ದುಡ್ಡು. ಆದರೂ ಕನ್ನಡದಲ್ಲೇ ಕಳಿಸುತ್ತೇನೆ, ಓದುವವರಿಗೆ ಅರ್ಥವಾಗದಿದ್ದರೆ ಕಳಿಸಿ ಏನು ಬಂತು.

ಪ್ರಚಾರದ ಹೆಡರನ್ನೂ ಒಮ್ಮೆ ಮಾಡಿಸಿದೆ, ಅದು ದಂಡವಾಯಿತು. ಆಗ ಅದಕ್ಕೆ ಸಿಕ್ಕಿದ್ದು ಆರು ಅಂಕಿ, ಹೆಸರೇ ಇಲ್ಲ. ಡಿಎನ್‌ಡಿ ಹಾಕಿಕೊಂಡವರಿಗೆ, ಅಂದರೆ ಪ್ರಚಾರದ ಮೆಸೇಜ್ ಬೇಡ ಅಂತ ನೋಂದಾಯಿಸಿಕೊಂಡವರಿಗೆ ಹೋಗಲ್ಲ, ನಮ್ಮ ಪಟ್ಟಿಯಲ್ಲಿ ಮೂರನೇ ಒಂದು ಪಾಲು ಹಾಗೇ ಉಳಿಯಿತು.

ಮೂರನೆಯದು ವಾಟ್ಸಾಪ್ ಬಿಸಿನೆಸ್. ಆ್ಯಪ್ ಉಚಿತ, ಫೋಟೋ ಹಾಕಬಹುದು, ಗಿರಾಕಿ ಅಲ್ಲೇ "ಎರಡು ಲೀಟರ್ ತೆಗೆದಿಡಿ" ಅಂತ ಉತ್ತರ ಕೊಡಬಹುದು. ಆದರೆ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ. ನಾನು ಕೌಂಟರಿನಲ್ಲಿ ನಿಂತು ಒಬ್ಬೊಬ್ಬರ ಹತ್ತಿರವೂ ಸೇವ್ ಮಾಡಿಸಿದ್ದೇನೆ. ಎಪಿಐ, ಅಂದರೆ ಕಂಪ್ಯೂಟರಿನಿಂದ ತಾನಾಗೇ ಮೆಸೇಜ್ ಹೋಗುವ ವ್ಯವಸ್ಥೆ ಹಿಡಿದು ಹೆಚ್ಚು ಜನರಿಗೆ ಕಳಿಸಬೇಕೆಂದರೆ ಅಲ್ಲೂ ದಾಖಲೆ ಕೊಟ್ಟು ಮೆಟಾದಿಂದ ವೆರಿಫೈ ಮಾಡಿಸಿಕೊಳ್ಳಬೇಕು. ಅಲ್ಲಿ ಕಾಣಿಸುವ ಹೆಸರಿಗೂ ವ್ಯಾಪಾರಕ್ಕೂ ಸಂಬಂಧ ಇರಬೇಕು, ಆದರೆ ಆರು ಅಕ್ಷರದ ಕಟ್ಟು ಇಲ್ಲ. ಪ್ರಚಾರದ ಮೆಸೇಜ್ ಒಂದಕ್ಕೆ ನನಗೆ ಬಂದ ದರ ಒಂದು ರೂಪಾಯಿಗೆ ಹತ್ತಿರ, ಎಸ್‌ಎಂಎಸ್‌ಗೆ 25 ಪೈಸೆಯೊಳಗೆ. ಅದಕ್ಕೇ ಆ್ಯಪ್‌ನಲ್ಲೇ ಉಳಿದೆ.

ಈಗ ನಡೆಸುತ್ತಿರೋದು ಹೀಗೆ. ಹಬ್ಬದ ಆಫರ್, ಹೊಸ ಎಳ್ಳೆಣ್ಣೆ ಬಂದ ಸುದ್ದಿ ವಾಟ್ಸಾಪ್‌ನಲ್ಲಿ. "ನಿಮ್ಮ ಎಣ್ಣೆ ಸಿದ್ಧ" ಅನ್ನೋದು ಮಾತ್ರ ಡಿಎಲ್‌ಟಿ ಹೆಡರಿನಿಂದ, ಎಲ್ಲರಿಗೂ. ಒಂದನ್ನೇ ಆರಿಸು ಅಂದರೆ ನಾನು ಸೇವೆಯ ಹೆಡರನ್ನೇ ಆರಿಸುತ್ತೇನೆ, 5,900 ಕೊಟ್ಟಾದರೂ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬರುವ ನಮ್ಮ ಅರ್ಧ ಗಿರಾಕಿಗಳ ಕೈಯಲ್ಲಿ ಇರೋದು ಕೀಪ್ಯಾಡ್ ಫೋನು. ಮೊನ್ನೆ ಅದೇ ಅಜ್ಜಿ ಖಾಲಿ ಕ್ಯಾನ್ ಹಿಡಿದುಕೊಂಡು ಬಂದು, ಫೋನಿನಲ್ಲಿ ತಾತನ ಹೆಸರಿನ ಆರು ಅಕ್ಷರ ತೋರಿಸಿ, "ನಿಮ್ದೇ ತಾನೇ ಇದು? ಮೊಮ್ಮಗ ಓದಿ ಹೇಳ್ದ" ಅಂದರು.